ಕೀವರ್ಡ್ಸ್ ಟ್ಯಾಗಿಗೊಂದು ಶ್ರದ್ಧಾಂಜಲಿ

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ನಮ್ಮ ಹೈಸ್ಕೂಲಿನ ಇತಿಹಾಸದ ಮೇಷ್ಟ್ರು ಸಿಕ್ಕಿದ್ದರು. ನಿವೃತ್ತರಾಗಿ ಏಳೆಂಟು ವರ್ಷವಾಯಿತು. "ಏನಪ್ಪಾ, ಕಂಪ್ಯೂಟರ್ ಕೆಲಸದಲ್ಲೇ ಇದೀಯಲ್ವಾ?" ಅಂತ ಕೇಳಿ, ಮನೆಗೆ ಕರೆದುಕೊಂಡು ಹೋಗಿ, ಕಾಫಿ ಕೊಟ್ಟು, ಕಪಾಟಿನಿಂದ ಒಂದು ಸೀಡಿ ತೆಗೆದು ಕೈಗಿಟ್ಟರು. 2001ರಲ್ಲಿ ಅವರು ನಮ್ಮ ತಾಲ್ಲೂಕಿನ ಕೆರೆಗಳ ಬಗ್ಗೆ ಒಂದು ವೆಬ್‌ಸೈಟ್ ಮಾಡಿಸಿದ್ದರಂತೆ. ಪೇಟೆಯ ಕಂಪ್ಯೂಟರ್ ಸೆಂಟರಿನ ಹುಡುಗನೊಬ್ಬ ಟೈಪ್ ಮಾಡಿ, ಯಾವುದೋ ಉಚಿತ ತಾಣದಲ್ಲಿ ಹಾಕಿಕೊಟ್ಟಿದ್ದ. ಆ ತಾಣ ಎಂದೋ ಬಾಗಿಲು ಹಾಕಿದೆ. ಉಳಿದದ್ದು ಈ ಸೀಡಿ ಮಾತ್ರ. "ಇದನ್ನ ಮತ್ತೆ ಹಾಕೋಕಾಗುತ್ತಾ ನೋಡು" ಅಂದರು.

ಈಗ ಸೀಡಿ ಹಾಕುವ ಜಾಗ ಯಾರ ಲ್ಯಾಪ್‌ಟಾಪಿನಲ್ಲಿದೆ ಹೇಳಿ? ಬೆಂಗಳೂರಿಗೆ ಬಂದು ಗೆಳೆಯನೊಬ್ಬನ ಹಳೇ ಡ್ರೈವ್ ಹುಡುಕಿ ತೆರೆದೆ. ಹನ್ನೊಂದು ಪುಟ. ತೆರೆದರೆ ಒಂದಕ್ಷರ ಕನ್ನಡ ಇಲ್ಲ! ಪರದೆ ತುಂಬಾ ಪೌಂಡ್ ಗುರುತು, ತಲೆಯ ಮೇಲೆ ಗೀಟಿರುವ ಎ, ಇನ್ನೂ ಏನೇನೋ. ಯೂನಿಕೋಡ್ ಅಲ್ಲದ ಹಳೇ ಫಾಂಟಿನ ಬರಹ ಅಂತ ಗೊತ್ತಾಯಿತು. ಅಭ್ಯಾಸಬಲದಿಂದ ಪುಟದ ಮೂಲ ತೆರೆದು ನೋಡಿದೆ. ಆ ಕಲಸುಮೇಲೋಗರದಲ್ಲಿ ಓದಲು ಬರುವಂಥದ್ದು ಒಂದೇ ಒಂದು ಸಾಲು ಇತ್ತು. ತಲೆಭಾಗದ ಕೀವರ್ಡ್ಸ್ ಟ್ಯಾಗು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ, ಕರ್ನಾಟಕ, ಕೆರೆ, ಕಟ್ಟೆ, ಶಾಸನ, ತೂಬು, ಕೋಡಿ... ಆಮೇಲೆ ಒಂದಷ್ಟು ಊರು-ಕೆರೆಗಳ ಹೆಸರು, ಒಂದೊಂದೂ ಎರಡೆರಡು ಸ್ಪೆಲ್ಲಿಂಗಿನಲ್ಲಿ. ಕೊನೆಗೆ, ನಗಬೇಡಿ, ಕ್ರಿಕೆಟ್, ಸಚಿನ್, ಫ್ರೀ ಸಾಂಗ್ಸ್ :-)

ಫೋನ್ ಮಾಡಿ ಕೇಳಿದೆ. "ಸಾರ್, ಕೆರೆ ಪುಟದಲ್ಲಿ ಸಚಿನ್ ಯಾಕೆ ಬಂದ?" ಮೇಷ್ಟ್ರು ಜೋರಾಗಿ ನಕ್ಕರು. "ನಾನಲ್ಲಪ್ಪ, ಆ ಹುಡುಗ ಹಾಕಿದ್ದು. ಹೀಗೆ ಹಾಕಿದ್ರೆ ಜಾಸ್ತಿ ಜನ ಬರ್ತಾರೆ ಸಾರ್ ಅಂದ. ಆಯ್ತು ಅಂದೆ."

ಅರ್ಧ ನಿಜ, ಅರ್ಧ ಸುಳ್ಳು ಇದ್ದ ಆ ಸಾಲನ್ನು ನೋಡುತ್ತಾ ಕೂತಾಗ, ಈ ಟ್ಯಾಗಿನ ಇಡೀ ಚರಿತ್ರೆ ಅದರಲ್ಲೇ ಇದೆಯಲ್ಲಾ ಅನ್ನಿಸಿತು. ಅದನ್ನೇ ಬರೆಯೋಣ ಅಂತ ಕೂತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ವೆಬ್ ಪುಟಕ್ಕೆ ತಲೆ, ಮೈ ಅಂತ ಎರಡು ಭಾಗ. ಮೈಯಲ್ಲಿರುವುದು ನಮಗೆ ಕಾಣುತ್ತದೆ. ತಲೆಯಲ್ಲಿರುವುದು ಹೆಚ್ಚಿನದು ಕಾಣುವುದಿಲ್ಲ, ಯಂತ್ರಗಳು ಓದಿಕೊಳ್ಳಲಿ ಅಂತ ಇರುವಂಥದ್ದು. ಪುಟದ ಬಗ್ಗೆ ಪುಟವೇ ಹೇಳಿಕೊಳ್ಳುವ ಮಾತುಗಳನ್ನು ಅಲ್ಲಿ ಮೆಟಾ ಟ್ಯಾಗ್‌ಗಳಲ್ಲಿ ಬರೆಯುತ್ತಾರೆ. ಬರೆದವರು ಯಾರು, ಯಾವ ಲಿಪಿ ಸಂಕೇತ, ಸಾರಾಂಶ ಏನು, ಹೀಗೆ. "ಈ ಪುಟ ಇಂತಿಂಥ ಪದಗಳಿಗೆ ಸಂಬಂಧಪಟ್ಟದ್ದು" ಅಂತ ಪಟ್ಟಿ ಕೊಡುವುದು ಕೀವರ್ಡ್ಸ್ ಟ್ಯಾಗ್. ಗ್ರಂಥಾಲಯದಲ್ಲಿ ವಿಷಯ ಸೂಚಿಸುವ ಕಾರ್ಡು ಇರುತ್ತದಲ್ಲ, ಹಾಗೆ. ವ್ಯತ್ಯಾಸ ಏನೆಂದರೆ ಗ್ರಂಥಾಲಯದಲ್ಲಿ ಕಾರ್ಡು ಬರೆಯುವವರು ಗ್ರಂಥಪಾಲಕರು. ಇಲ್ಲಿ ಪುಸ್ತಕ ಬರೆದವನೇ ಕಾರ್ಡನ್ನೂ ಬರೆಯುತ್ತಾನೆ. ಎಲ್ಲ ಎಡವಟ್ಟು ಶುರುವಾದದ್ದು ಇಲ್ಲಿಂದ.

ಮೆಟಾ ಟ್ಯಾಗು ಅಧಿಕೃತವಾಗಿ ಕಾಣಿಸಿಕೊಂಡದ್ದು 1995ರ ನವೆಂಬರಿನ ಎಚ್‌ಟಿಎಂಎಲ್ 2.0 ನಿಯಮಾವಳಿಯಲ್ಲಿ. ಆರ್‌ಎಫ್‌ಸಿ 1866 ಅಂತ ಅದರ ಸಂಖ್ಯೆ. ಬರೆದವರು ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ. ಅದರಲ್ಲಿ ಕೀವರ್ಡ್ಸ್‌ಗೆ ಕೊಟ್ಟ ಉದಾಹರಣೆ ಏನು ಗೊತ್ತಾ? ಒಂದು ಟ್ಯಾಗಿನಲ್ಲಿ ಫ್ರೆಡ್, ಇನ್ನೊಂದರಲ್ಲಿ ಬಾರ್ನಿ! ಫ್ಲಿಂಟ್‌ಸ್ಟೋನ್ಸ್ ಕಾರ್ಟೂನ್ ನೋಡಿದವರಿಗೆ ಆ ಜೋಡಿ ತಕ್ಷಣ ನೆನಪಾಗುತ್ತದೆ. ಆಗ ಹುಡುಕುತಾಣ, ರ‍್ಯಾಂಕು, ವ್ಯಾಪಾರ ಯಾವುದರ ಮಾತೂ ಆ ಉದಾಹರಣೆಯಲ್ಲಿರಲಿಲ್ಲ. ಪುಟ ಕಳಿಸುವ ಸರ್ವರ್ ಈ ಎರಡನ್ನೂ ಓದಿ, "ಕೀವರ್ಡ್ಸ್: ಫ್ರೆಡ್, ಬಾರ್ನಿ" ಅಂತ ಪುಟದ ಮುಂದೆ ಒಂದು ಸಾಲು ಕಳಿಸಬಹುದು, ಅಷ್ಟೆ.

ಅದೇ 1995ರ ಡಿಸೆಂಬರಿನಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ನಿನವರು ಆಲ್ಟಾವಿಸ್ಟಾ ಶುರು ಮಾಡಿದರು. ನನ್ನ ವಯಸ್ಸಿನವರು ಆ ಹೆಸರನ್ನು ಕೇಳಿರುವುದೇ ಹೆಚ್ಚು. ಗೂಗಲ್ ಇನ್ನೂ ಹುಟ್ಟದ ಕಾಲಕ್ಕೆ ಹುಡುಕುವುದು ಅಂದರೆ ಆಲ್ಟಾವಿಸ್ಟಾ ಅನ್ನುವಷ್ಟು ಅದರ ಹೆಸರಿತ್ತು. 1996ರಲ್ಲಿ ಆಲ್ಟಾವಿಸ್ಟಾ ಮತ್ತು ಇನ್ಫೋಸೀಕ್ ಕೀವರ್ಡ್ಸ್ ಟ್ಯಾಗನ್ನು ಓದಲು ಆರಂಭಿಸಿದವು. ಆಮೇಲೆ ಇಂಕ್ಟೋಮಿ, ಲೈಕೋಸ್ ಸೇರಿಕೊಂಡವು. ಎಕ್ಸೈಟ್ ಮಾತ್ರ ಯಾವತ್ತೂ ಇದನ್ನು ನಂಬಲಿಲ್ಲ.

ನಂಬಿದವರು ದಡ್ಡರೇನೂ ಅಲ್ಲ. ಅಂದಿನ ಪುಟಗಳನ್ನು ನೆನೆಸಿಕೊಳ್ಳಿ. ಎಷ್ಟೋ ಪುಟಗಳಲ್ಲಿ ಬರಹವೇ ಇರುತ್ತಿರಲಿಲ್ಲ, ಇಡೀ ಪುಟ ಒಂದು ಚಿತ್ರ. ಇನ್ನು ಕೆಲವು ಫ್ರೇಮುಗಳಾಗಿ ಒಡೆದಿರುತ್ತಿದ್ದವು, ಮುಖ್ಯ ಪುಟ ಖಾಲಿ. ಯಂತ್ರ ಏನನ್ನು ಓದಬೇಕು? ಅಂಥ ಕಡೆ ಬರೆದವನೇ ನಾಲ್ಕು ಪದ ಹೇಳಿದರೆ ಉಪಕಾರವೇ. 1997ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 4.0 ಇದನ್ನು ಬಾಯಿಬಿಟ್ಟೇ ಹೇಳಿತು. ಹುಡುಕಾಟದ ಫಲಿತಾಂಶ ಸುಧಾರಿಸಲು ಕೀವರ್ಡ್ಸ್ ಬಳಸಿ ಅಂತ. ಅದು ಕೊಟ್ಟ ಉದಾಹರಣೆ ನನಗೆ ಬಹಳ ಇಷ್ಟ. ಗ್ರೀಸ್ ದೇಶದ ಬಿಸಿಲಿಗೆ ರಜೆ ಕಳೆಯಲು ಹೋಗುವವರ ಪುಟ. ಅಮೆರಿಕದ ಇಂಗ್ಲಿಷಿನವರಿಗೆ 'ವೆಕೇಶನ್', ಬ್ರಿಟನ್ನಿನವರಿಗೆ 'ಹಾಲಿಡೇ', ಫ್ರೆಂಚರಿಗೆ ಅವರ ಭಾಷೆಯ ಪದ, ಹೀಗೆ ಮೂರು ಟ್ಯಾಗು. ಒಂದೇ ಪುಟವನ್ನು ಬೇರೆ ಬೇರೆ ಮಾತಿನವರು ಹುಡುಕಿಕೊಂಡು ಬರಲಿ ಅನ್ನುವ ಒಳ್ಳೆಯ ಮನಸ್ಸು. ನಮ್ಮ ಮೇಷ್ಟ್ರು ಕೆರೆಯ ಹೆಸರನ್ನು ಎರಡು ಸ್ಪೆಲ್ಲಿಂಗಿನಲ್ಲಿ ಬರೆಸಿದ್ದೂ ಇದೇ ಮನಸ್ಸಿನಿಂದ.

ಆದರೆ ಕಾಣದ ಜಾಗದಲ್ಲಿ ಏನು ಬರೆದರೂ ಓದುಗನಿಗೆ ಗೊತ್ತಾಗುವುದಿಲ್ಲ ಅನ್ನುವುದು ಜನಕ್ಕೆ ಬಹಳ ಬೇಗ ಹೊಳೆಯಿತು. ಆಲ್ಟಾವಿಸ್ಟಾ ಒಂದು ಕಿಲೋಬೈಟ್ ತನಕ ಓದುತ್ತದೆ ಅಂತ ಗೊತ್ತಾದರೆ, ಆ ಒಂದು ಕಿಲೋಬೈಟನ್ನು ಪೂರ್ತಿ ತುಂಬಿಸುವುದು. ಒಂದೇ ಪದವನ್ನು ಮಂತ್ರದ ಹಾಗೆ ಜಪಿಸುವುದು. ಪುಟಕ್ಕೂ ತನಗೂ ಸಂಬಂಧವೇ ಇಲ್ಲದ ಜನಪ್ರಿಯ ಹೆಸರುಗಳನ್ನು ತುರುಕುವುದು. ಇನ್ನೂ ಮುಂದುವರಿದವರು ಪಕ್ಕದ ಅಂಗಡಿಯವನ ಹೆಸರನ್ನೇ ತಮ್ಮ ಟ್ಯಾಗಿನಲ್ಲಿ ಹಾಕಿಕೊಂಡರು.

ಆಮೇಲೆ ಕೋರ್ಟು. 1997ರಲ್ಲೇ ಪ್ಲೇಬಾಯ್ ಪತ್ರಿಕೆಯವರು ಕ್ಯಾಲಿಫೋರ್ನಿಯದಲ್ಲಿ ಕೇಸು ಹಾಕಿ, ತಮ್ಮ ಹೆಸರನ್ನು ಮೆಟಾ ಟ್ಯಾಗಿನಲ್ಲೂ, ಕಪ್ಪು ಹಿನ್ನೆಲೆಯ ಮೇಲೆ ಕಪ್ಪು ಅಕ್ಷರಗಳಲ್ಲೂ ಬಚ್ಚಿಟ್ಟಿದ್ದ ತಾಣವೊಂದಕ್ಕೆ ತಡೆಯಾಜ್ಞೆ ತಂದರು. ಅದೇ ಪತ್ರಿಕೆ ಟೆರ್ರಿ ವೆಲ್ಸ್ ಎಂಬ ರೂಪದರ್ಶಿಯ ಮೇಲೂ ಕೇಸು ಹಾಕಿತು. ಆಕೆ 1981ರಲ್ಲಿ ಅವರದೇ ಪ್ರಶಸ್ತಿ ಪಡೆದವಳು, ತನ್ನ ತಾಣದ ಟ್ಯಾಗಿನಲ್ಲಿ ಆ ಹೆಸರು ಬರೆದಿದ್ದಳು. 1998ರಲ್ಲಿ ಕೆಳಕೋರ್ಟು ತಡೆಯಾಜ್ಞೆ ಕೊಡಲು ಒಪ್ಪಲಿಲ್ಲ. 2002ರಲ್ಲಿ ಮೇಲ್ಮನವಿ ಕೋರ್ಟೂ ಟ್ಯಾಗಿನ ವಿಷಯದಲ್ಲಿ ಆಕೆಯ ಪರವಾಗಿ ನಿಂತಿತು. ಆಕೆ ಬರೆದದ್ದು ತನ್ನ ಬಗೆಗಿನ ನಿಜವನ್ನು, ಅದನ್ನು ಬೇರೆ ಯಾವ ಪದದಲ್ಲಿ ಹೇಳಬೇಕು ಅನ್ನುವುದು ವಾದ. ಒಂದೇ ಪದ, ಒಂದೇ ಟ್ಯಾಗು. ಒಬ್ಬರಲ್ಲಿ ಮೋಸ, ಇನ್ನೊಬ್ಬರಲ್ಲಿ ನಿಜ. ಇದನ್ನು ನ್ಯಾಯಾಧೀಶರು ಕೂತು ಬಿಡಿಸಬೇಕಾಯಿತು ಅಂದಮೇಲೆ, ಪಾಪ, 1996ರ ಯಂತ್ರಕ್ಕೆ ಹೇಗೆ ಗೊತ್ತಾಗಬೇಕು?

1999ರ ಇನ್ನೊಂದು ತೀರ್ಪು ಕಾನೂನು ಕಾಲೇಜುಗಳಲ್ಲೇ ಪ್ರಸಿದ್ಧ. ಬ್ರೂಕ್‌ಫೀಲ್ಡ್ ಎಂಬ ಕಂಪನಿಯ 'ಮೂವಿಬಫ್' ಎಂಬ ಹೆಸರನ್ನು ವೆಸ್ಟ್ ಕೋಸ್ಟ್ ಎಂಬ ವಿಡಿಯೋ ಅಂಗಡಿಗಳ ಸಂಸ್ಥೆ ಬಳಸಿತ್ತು. ಮೇಲ್ಮನವಿ ಕೋರ್ಟು ಕೊಟ್ಟ ಹೋಲಿಕೆ ಇದು. ಹೆದ್ದಾರಿಯಲ್ಲಿ ಒಬ್ಬ ಬೋರ್ಡು ಹಾಕುತ್ತಾನೆ, "ಇಂಥ ಅಂಗಡಿ ಎರಡು ಮೈಲಿ ಮುಂದೆ, 7ನೇ ತಿರುವಿನಲ್ಲಿ" ಅಂತ. ಆ ಅಂಗಡಿ ನಿಜವಾಗಿ ಇರುವುದು 8ನೇ ತಿರುವಿನಲ್ಲಿ. 7ರಲ್ಲಿರುವುದು ಬೋರ್ಡು ಹಾಕಿದವನ ಅಂಗಡಿ. ನೀವು 7ರಲ್ಲಿ ಇಳಿದು ಹುಡುಕುತ್ತೀರಿ, ಸಿಗುವುದಿಲ್ಲ. ಮತ್ತೆ ಹೆದ್ದಾರಿ ಹತ್ತುವ ಬದಲು, "ಇಲ್ಲೇ ಒಂದು ಇದೆಯಲ್ಲ" ಅಂತ ಆ ಅಂಗಡಿಗೇ ನುಗ್ಗುತ್ತೀರಿ. ಮೆಟಾ ಟ್ಯಾಗಿನಲ್ಲಿ ಪರರ ಹೆಸರು ಹಾಕುವುದೂ ಹೀಗೇ ಅಂದಿತು ಕೋರ್ಟು. ತಮಾಷೆ ಅಂದರೆ ನಡುವೆ ಜಾಗ ಬಿಟ್ಟು 'ಮೂವಿ ಬಫ್' ಅಂತ ಬರೆದರೆ ಅಡ್ಡಿಯಿಲ್ಲ ಅಂತಲೂ ಹೇಳಿತು. ಸಿನಿಮಾ ಹುಚ್ಚಿನವರಿಗೆ ಇಂಗ್ಲಿಷಿನಲ್ಲಿ ಹೇಳುವ ಸಾಮಾನ್ಯ ಮಾತು ಅದು. ಒಂದು ಸ್ಪೇಸ್ ಬಾರ್ ಎಷ್ಟು ಬೆಲೆಬಾಳುತ್ತದೆ ನೋಡಿ :-)

ಅಷ್ಟರಲ್ಲಿ ಸ್ಟ್ಯಾನ್‌ಫರ್ಡಿನ ಇಬ್ಬರು ವಿದ್ಯಾರ್ಥಿಗಳು ಬೇರೆ ದಾರಿ ಹಿಡಿದಿದ್ದರು. ಸೆರ್ಗೆ ಬ್ರಿನ್ ಮತ್ತು ಲ್ಯಾರಿ ಪೇಜ್ 1998ರಲ್ಲಿ ಗೂಗಲ್ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಬಗ್ಗೆ ಒಂದು ಮಾತಿದೆ. ವೆಬ್ಬಿನಲ್ಲಿ ಮೆಟಾ ಮಾಹಿತಿಯ ಪ್ರಯತ್ನಗಳು ಬಹುಪಾಲು ಸೋತಿವೆ, ಯಾಕೆಂದರೆ ಓದುಗನಿಗೆ ಕಾಣದ ಯಾವುದೇ ಬರಹವನ್ನು ಜನ ಹುಡುಕುತಾಣಗಳನ್ನು ಯಾಮಾರಿಸಲು ದುರುಪಯೋಗ ಮಾಡುತ್ತಾರೆ ಅಂತ. ಅವರು ಪುಟ ತನ್ನ ಬಗ್ಗೆ ಏನು ಹೇಳಿಕೊಳ್ಳುತ್ತದೆ ಅನ್ನುವುದನ್ನು ಬಿಟ್ಟು, ಬೇರೆಯವರು ಅದಕ್ಕೆ ಕೊಟ್ಟ ಕೊಂಡಿಗಳನ್ನು ಎಣಿಸಿದರು. ಹೆಣ್ಣು ನೋಡಲು ಬಂದವರು ಮನೆಯವರನ್ನು ಬಿಟ್ಟು ಅಕ್ಕಪಕ್ಕದವರನ್ನು ವಿಚಾರಿಸುವುದಿಲ್ಲವೇ, ಹಾಗೆ. (ಆಮೇಲೆ ಜನ ಕೊಂಡಿಗಳನ್ನೂ ದುಡ್ಡಿಗೆ ಮಾರಿದರು, ಅದು ಬೇರೆ ಕಥೆ.)

ಒಬ್ಬೊಬ್ಬರೇ ಕೈಬಿಟ್ಟರು. ಲೈಕೋಸ್ 1998ರಲ್ಲಿ. ಆಲ್ಟಾವಿಸ್ಟಾ 2002ರ ಜುಲೈನಲ್ಲಿ. ಹುಡುಕುತಾಣಗಳ ಬಗ್ಗೆ ಬರೆಯುತ್ತಿದ್ದ ಡ್ಯಾನಿ ಸಲ್ಲಿವನ್ 2002ರ ಅಕ್ಟೋಬರಿನಲ್ಲೇ ಈ ಟ್ಯಾಗು ಸತ್ತಿತು ಅಂತ ಲೇಖನ ಬರೆದರು. ಆಗ ದೊಡ್ಡವರ ಪೈಕಿ ಇದನ್ನು ಓದುತ್ತಿದ್ದದ್ದು ಇಂಕ್ಟೋಮಿ ಒಂದೇ. ಅಂದರೆ ನಮ್ಮ ಮೇಷ್ಟ್ರ ಹುಡುಗ 2001ರಲ್ಲಿ ಸಚಿನ್ ಹೆಸರು ಬರೆಯುವ ಹೊತ್ತಿಗೆ ಇದರ ಆಯಸ್ಸು ಮುಗಿಯುತ್ತಾ ಬಂದಿತ್ತು.

ಆದರೂ ಜನ ಬಿಟ್ಟರೇ? 2009ರ ಸೆಪ್ಟೆಂಬರ್ 21ರಂದು ಗೂಗಲ್‌ನ ಮ್ಯಾಟ್ ಕಟ್ಸ್ ಅಧಿಕೃತವಾಗಿ ಬರೆಯಬೇಕಾಯಿತು, ವೆಬ್ ಹುಡುಕಾಟದ ರ‍್ಯಾಂಕಿಂಗಿಗೆ ನಾವು ಕೀವರ್ಡ್ಸ್ ಟ್ಯಾಗನ್ನು ಬಳಸುವುದಿಲ್ಲ ಅಂತ. 2014ರಲ್ಲಿ ಬಿಂಗ್‌ನವರೂ ಇದರಿಂದ ಲಾಭವಿಲ್ಲ ಅಂದರು. ಅದೇ 2014ರಲ್ಲಿ ನಮ್ಮ ಬಾಂಬೆ ಹೈಕೋರ್ಟು, ಶಾದಿ ಡಾಟ್ ಕಾಮ್ ಹೆಸರನ್ನು ಮೆಟಾ ಟ್ಯಾಗುಗಳಲ್ಲಿ ಬಳಸಿಕೊಂಡಿದ್ದ ಇನ್ನೊಂದು ಮದುವೆ ತಾಣದ ಮೇಲಿನ ದಾವೆಯಲ್ಲಿ ಅದನ್ನು ತಪ್ಪೆಂದು ಹೇಳಿತು. ಟ್ಯಾಗಿನ ಬಲ ಹೋದರೂ ಜಗಳ ಹೋಗಲಿಲ್ಲ.

ಇಲ್ಲಿಗೆ ನನ್ನ ಪಾಪನಿವೇದನೆ. ಓದು ಮುಗಿಸಿ ಸೇರಿದ ಮೊದಲ ಕಂಪನಿ ಬಹಳ ಚಿಕ್ಕದು. ನನಗೆ ಸಿಕ್ಕ ಮೊದಲ ಕೆಲಸಗಳಲ್ಲಿ ಒಂದು, ಮರದ ಪೀಠೋಪಕರಣ ಮಾರುವ ಅಂಗಡಿಯ ತಾಣವನ್ನು ಹೊಸದಾಗಿ ಕಟ್ಟುವುದು. ಕೈಗೆ ಒಂದು ಚೆಕ್‌ಲಿಸ್ಟ್ ಕೊಟ್ಟರು. ಯಾರೋ ಯಾವಾಗಲೋ ಬರೆದು, ಒಬ್ಬರಿಂದ ಒಬ್ಬರಿಗೆ ಬಂದದ್ದು. ಅದರ ಮೊದಲನೇ ಸಾಲು, ಪ್ರತಿ ಪುಟಕ್ಕೂ ಕೀವರ್ಡ್ಸ್. ನಾನು ಎರಡು ದಿನ ಕೂತು, ಎಕ್ಸೆಲ್ ಶೀಟ್ ಮಾಡಿ, ಮಂಚ, ದಿವಾನ, ಟೀಪಾಯಿ ಅಂತ ನೂರಾರು ಪದ ತುಂಬಿದೆ. ಜೊತೆಗೆ 'ಏಳು ದಿನಕ್ಕೊಮ್ಮೆ ಬಂದು ನೋಡಿ' ಅಂತ ಹುಡುಕುತಾಣಗಳಿಗೆ ಹೇಳುವ ಇನ್ನೊಂದು ಟ್ಯಾಗು. ಅದು ಕೆನಡಾದ ವ್ಯಾಂಕೂವರಿನ ಒಂದು ಸಣ್ಣ ಸ್ಥಳೀಯ ಹುಡುಕುತಾಣಕ್ಕಾಗಿ ಹುಟ್ಟಿದ್ದು, ದೊಡ್ಡವರು ಯಾರೂ ಅದರ ಮಾತು ಕೇಳುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಇಷ್ಟೆಲ್ಲ ಮಾಡಿದವನು ಒಂದು ಸಾಲು ಮರೆತೆ. ತಾಣ ತಯಾರಾಗುವ ತನಕ ಗೂಗಲ್‌ಗೆ ಕಾಣಬಾರದು ಅಂತ ನಾನೇ ಹಾಕಿದ್ದ 'ನೋಇಂಡೆಕ್ಸ್' ಅನ್ನುವ ರೋಬಾಟ್ಸ್ ಮೆಟಾ ಟ್ಯಾಗನ್ನು ತೆಗೆಯಲಿಲ್ಲ.

ಎರಡು ಮೂರು ವಾರದಲ್ಲಿ ಅಂಗಡಿಯ ಪುಟಗಳು ಗೂಗಲ್‌ನಿಂದ ಮಾಯ. ಅದು ದೀಪಾವಳಿ ಮುಂಚಿನ ಸೀಸನ್ನು. ಮಾಲೀಕರು ನಮ್ಮ ಆಫೀಸಿಗೇ ಬಂದು ಕೂತರು. ಬೈಯಲಿಲ್ಲ. "ಹೋದ ವರ್ಷ ಈ ಹೊತ್ತಿಗೆ ಫೋನ್ ಕೆಳಗಿಡೋಕೆ ಬಿಡ್ತಿರಲಿಲ್ಲ ಸರ್, ಈ ಸಲ ಏನಾಯ್ತು ಅಂತ ಗೊತ್ತಾಗ್ತಿಲ್ಲ" ಅಂದರು. ಬೈದಿದ್ದರೇ ಚೆನ್ನಾಗಿತ್ತು. ನೂರಾರು ಪದ ತುಂಬಿದ ಟ್ಯಾಗಿನಿಂದ ಒಬ್ಬ ಗಿರಾಕಿಯೂ ಬರಲಿಲ್ಲ. ಒಂದೇ ಪದ ಇದ್ದ ಟ್ಯಾಗು ಇದ್ದವರನ್ನೆಲ್ಲ ಓಡಿಸಿತ್ತು.

ಎರಡೂ ಕಾಣದ ಟ್ಯಾಗುಗಳೇ, ಎರಡೂ 1990ರ ದಶಕದವೇ. ಹಾಗಾದರೆ ಒಂದನ್ನು ಯಂತ್ರ ಯಾಕೆ ಚಾಚೂತಪ್ಪದೆ ಪಾಲಿಸುತ್ತದೆ, ಇನ್ನೊಂದನ್ನು ಯಾಕೆ ಕಣ್ಣೆತ್ತಿಯೂ ನೋಡುವುದಿಲ್ಲ? ಬಹಳ ದಿನ ಯೋಚಿಸಿ ನನಗೆ ಹೊಳೆದದ್ದು ಇಷ್ಟು: ಸುಳ್ಳು ಬರೆದರೆ ನಷ್ಟ ಯಾರಿಗೆ ಅಂತ ಕೇಳಿ, ಉತ್ತರ ಸಿಗುತ್ತದೆ. 'ನನ್ನನ್ನು ಪಟ್ಟಿಗೆ ಸೇರಿಸಬೇಡಿ' ಅಂತ ಬರೆದರೆ ನಷ್ಟ ಬರೆದವನಿಗೇ. ಅದಕ್ಕೆ ಯಂತ್ರ ಅದನ್ನು ನಿಶ್ಚಿಂತೆಯಿಂದ ನಂಬಬಹುದು. ಸಾರಾಂಶದ ಡಿಸ್ಕ್ರಿಪ್ಷನ್ ಟ್ಯಾಗು ಕೆಲವೊಮ್ಮೆ ಫಲಿತಾಂಶದ ಪುಟದಲ್ಲಿ ಕಾಣಿಸುತ್ತದೆ, ಅಲ್ಲಿ ಸುಳ್ಳು ಬರೆದರೆ ಓದುಗನೇ ಹಿಡಿಯುತ್ತಾನೆ. ಗೂಗಲ್ ಅದನ್ನು ರ‍್ಯಾಂಕಿಗೆ ಲೆಕ್ಕ ಹಾಕುವುದಿಲ್ಲ, ಆದರೆ ತೋರಿಸುತ್ತದೆ. ಲಿಪಿ ಸಂಕೇತ ಹೇಳುವ ಕ್ಯಾರೆಕ್ಟರ್ ಸೆಟ್ ಟ್ಯಾಗಿನಲ್ಲಿ ತಪ್ಪು ಬರೆದರಂತೂ ಪುಟವೇ ಹಾಳು, ಮರುಕ್ಷಣ ಗೊತ್ತಾಗುತ್ತದೆ. ಕೀವರ್ಡ್ಸ್ ಟ್ಯಾಗಿನಲ್ಲಿ ಮಾತ್ರ ಸುಳ್ಳು ಬರೆದವನಿಗೆ ಲಾಭ, ನಷ್ಟವೆಲ್ಲ ಹುಡುಕುವವನಿಗೆ ಮತ್ತು ನಿಜ ಬರೆದವನಿಗೆ. ಹಾಗಾಗಿ ಸತ್ತದ್ದು ಅದೊಂದೇ.

ಸತ್ತರೂ ಅದನ್ನು ಪೂರ್ತಿ ಅಳಿಸಿಲ್ಲ ಅನ್ನುವುದು ವಿಶೇಷ. ಇಂದಿನ ಎಚ್‌ಟಿಎಂಎಲ್ ನಿಯಮಾವಳಿಯಲ್ಲೂ ಕೀವರ್ಡ್ಸ್ ಇದೆ. ಪಕ್ಕದಲ್ಲೇ ಒಂದು ಟಿಪ್ಪಣಿ, ಹಿಂದೆ ಇದನ್ನು ಮೋಸಕ್ಕೆ ಬಳಸಿದ್ದರಿಂದ ಅನೇಕ ಹುಡುಕುತಾಣಗಳು ಇದನ್ನು ಪರಿಗಣಿಸುವುದಿಲ್ಲ ಅಂತ. ಸಮಾಧಿಯ ಮೇಲೆ ಸತ್ತ ಕಾರಣವನ್ನೂ ಕೆತ್ತಿದ ಹಾಗಿದೆ.

ಮತ್ತೆ ಮೇಷ್ಟ್ರ ಸೀಡಿಗೆ ಬರೋಣ. ಕನ್ನಡಕ್ಕೆ ಯೂನಿಕೋಡಿನಲ್ಲಿ ಜಾಗ ಸಿಕ್ಕಿದ್ದು 1991ರ ಮೊದಲ ಆವೃತ್ತಿಯಲ್ಲೇ. ಆದರೆ ಕಂಪ್ಯೂಟರ್ ಸೆಂಟರುಗಳಲ್ಲಿ ಇದ್ದದ್ದು ವಿಂಡೋಸ್ 98. ವಿಂಡೋಸಿನಲ್ಲಿ ತುಂಗಾ ಫಾಂಟಿನ ಜೊತೆ ಕನ್ನಡ ನೆಟ್ಟಗೆ ಮೂಡಲು 2001ರ ಎಕ್ಸ್‌ಪಿ ಬರಬೇಕಾಯಿತು. ಅಲ್ಲಿಯ ತನಕ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ ಫಾಂಟುಗಳೇ ಗತಿ. ಬರಹ, ನುಡಿಗಳಲ್ಲಿ ಟೈಪ್ ಮಾಡಿದವರಿಗೆ ನೆನಪಿರಬಹುದು. 'ಕನ್ನಡ' ಅನ್ನುವ ಪದ ಫೈಲಿನೊಳಗೆ ಹೇಗಿರುತ್ತಿತ್ತು ಗೊತ್ತಾ? ದೊಡ್ಡ ಪಿ, ಗೀಟಿನ ಎ, ಪೌಂಡ್ ಗುರುತು, ಮತ್ತೆ ಗೀಟಿನ ಎ, ಜರ್ಮನ್ನಿನ ಒಂದು ಅಕ್ಷರ, ಸಣ್ಣ ಕ್ಯೂ, ಕೊನೆಗೆ ಮತ್ತೆ ಅದೇ ಎ. ಮೇಷ್ಟ್ರ ಪುಟದ ಕ್ಯಾರೆಕ್ಟರ್ ಸೆಟ್ ಟ್ಯಾಗಿನಲ್ಲಿ ಯುಟಿಎಫ್-8 ಅಂತ ಇರಲಿಲ್ಲ. 'ಎಕ್ಸ್-ಯೂಸರ್-ಡಿಫೈನ್ಡ್' ಅಂತ ಇತ್ತು. ಅಂದರೆ "ಇದು ಯಾವ ಲಿಪಿ ಅಂತ ನನ್ನನ್ನು ಕೇಳಬೇಡ" ಅಂತ ಬ್ರೌಸರಿಗೆ ಹೇಳಿದ ಹಾಗೆ. ಕಣ್ಣಿಗೆ ಕನ್ನಡ, ಯಂತ್ರಕ್ಕೆ ಕಸ. ಅಂಥ ಪುಟವನ್ನು 'ಕೆರೆ' ಅಂತ ಹುಡುಕಿ ಯಾರು ತಲುಪಲು ಸಾಧ್ಯ? ಇಡೀ ಪುಟದಲ್ಲಿ ಯಂತ್ರಕ್ಕೆ ಅರ್ಥವಾಗುವ ಒಂದೇ ಸಾಲು ಆ ಕೀವರ್ಡ್ಸ್ ಟ್ಯಾಗು. ಜಗತ್ತಿನಲ್ಲೆಲ್ಲ ಸುಳ್ಳಿಗೆ ಹೆಸರಾದ ಟ್ಯಾಗು, ಕನ್ನಡದ ಹಳೇ ಪುಟಗಳಿಗೆ ಹೊರಜಗತ್ತಿನ ಕಡೆಗಿದ್ದ ಒಂದೇ ಕಿಟಕಿ.

ಮೂರು ವಾರಾಂತ್ಯ ಕೂತು ಹನ್ನೊಂದೂ ಪುಟಗಳನ್ನು ಯೂನಿಕೋಡಿಗೆ ತಿರುಗಿಸಿದೆ. ಪರಿವರ್ತಕಗಳಿವೆ, ಆದರೆ ಅರ್ಕಾವೊತ್ತು ಎಲ್ಲೆಲ್ಲೋ ಹೋಗಿ ಕೂರುತ್ತದೆ, ಕೈಯಿಂದಲೇ ತಿದ್ದಬೇಕು. ಕೊನೆಗೆ ಕೀವರ್ಡ್ಸ್ ಸಾಲನ್ನು ಆರಿಸಿ ಡಿಲೀಟ್ ಒತ್ತುವವನಿದ್ದೆ. ಹೇಗೂ ಯಾರೂ ಓದುವುದಿಲ್ಲವಲ್ಲ. ಒತ್ತುವ ಮುಂಚೆ ಒಂದು ಸಲ ಓದಿದೆ. ಆ ಊರು-ಕೆರೆಗಳ ಪಟ್ಟಿಯಲ್ಲಿ ನಾಲ್ಕು ಹೆಸರು ಪುಟದ ಮೈಯಲ್ಲಿ ಎಲ್ಲೂ ಇಲ್ಲ!

ಮತ್ತೆ ಫೋನ್ ಮಾಡಿದೆ. ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. "ಅವು ಆಗಲೇ ಹೋಗಿದ್ದ ಕಟ್ಟೆಗಳಪ್ಪ. ಒಂದು ಬಸ್ ಸ್ಟ್ಯಾಂಡ್ ಆಯ್ತು, ಒಂದು ಸೈಟ್ ಆಯ್ತು. ಇಲ್ಲದಿರೋ ಕಟ್ಟೆ ಬಗ್ಗೆ ಏನು ಬರೆಯೋದು ಅಂತ ಪುಟದಲ್ಲಿ ಹಾಕಲಿಲ್ಲ. ಹೆಸರಾದ್ರೂ ಇರಲಿ ಅಂತ ಅಲ್ಲಿ ಬರೆಸಿದ್ದೆ."

ಸಚಿನ್ ಮತ್ತು ಫ್ರೀ ಸಾಂಗ್ಸ್ ಜೊತೆಗೆ, ಯಾವ ಹುಡುಕುತಾಣವೂ ನೋಡದ ಜಾಗದಲ್ಲಿ, ನಾಲ್ಕು ಸತ್ತ ಕಟ್ಟೆಗಳು ಇಷ್ಟು ವರ್ಷ ಕೂತಿದ್ದವು. ನಾನು ಅವನ್ನು ಅಳಿಸಿಯೇಬಿಡುತ್ತಿದ್ದೆ.

ಈಗ ಹನ್ನೆರಡನೇ ಪುಟ ಒಂದಾಗಿದೆ. ಮೇಷ್ಟ್ರು ನೆನಪಿದ್ದಷ್ಟು ಹೇಳಿದರು, ನಾನು ಟೈಪ್ ಮಾಡಿದೆ. ನಾಲ್ಕೂ ಹೆಸರು ಪುಟದ ಮೈಯಲ್ಲೇ, ದಪ್ಪಕ್ಷರದಲ್ಲಿ, ಕನ್ನಡದಲ್ಲೇ ಇವೆ. ಕೀವರ್ಡ್ಸ್ ಟ್ಯಾಗು ಯಾವ ಪುಟದಲ್ಲೂ ಇಲ್ಲ. ನೋಇಂಡೆಕ್ಸ್ ಇಲ್ಲ ಅಂತ ಎರಡೆರಡು ಸಲ ನೋಡಿದ್ದೇನೆ :-)

ನಿಮ್ಮಲ್ಲಿ ಯಾರ ಹತ್ತಿರವಾದರೂ ಇಂಥ ಹಳೇ ಫಾಂಟಿನ ಪುಟಗಳು ಸೀಡಿಯಲ್ಲೋ ಫ್ಲಾಪಿಯಲ್ಲೋ ಇದ್ದರೆ ಎಸೆಯಬೇಡಿ. ಯೂನಿಕೋಡಿಗೆ ತಿರುಗಿಸಿ ಹಾಕಿ. ತಿರುಗಿಸುವಾಗ ಬೇಡದ ಸಾಲು ಅಂತ ಅನ್ನಿಸಿದ್ದನ್ನು ಅಳಿಸುವ ಮುಂಚೆ ಒಮ್ಮೆ ಓದಿ.